ಡೀಸೆಲ್ ತೆರಿಗೆ: ಹೊರೆ ಯಾರಿಗೆ?

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯಿಂದ ಹೊರಗಿವೆ. ಅವುಗಳ ಮಾರಾಟ ತೆರಿಗೆಯನ್ನು ರಾಜ್ಯ ಸರ್ಕಾರವೇ ನಿಗದಿ ಮಾಡುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಈ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿತು. ಎರಡೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. 100 ಲೀಟರ್ ಹಾಕಿಸಿದರೆ 500 ರೂಪಾಯಿ ಹೆಚ್ಚು.

ಜಿಎಸ್‌ಟಿಯಲ್ಲಿರುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇದಕ್ಕೆ ಸಿಗುವುದಿಲ್ಲ. ಆದ್ದರಿಂದ ಹೊರೆ ಬಾಡಿಗೆಗೆ ಸೇರುತ್ತದೆ: ಸಂಡೂರಿನ ಅದಿರು ಲಾರಿಗೂ, ಕಂಪ್ಲಿಯ ಭತ್ತದ ಟ್ರ್ಯಾಕ್ಟರಿಗೂ, ಕೊನೆಗೆ ಹೊಸಪೇಟೆಯಲ್ಲಿ ನಾವು ಕೊಳ್ಳುವ ತರಕಾರಿಗೂ.

ಸರ್ಕಾರಕ್ಕೆ ಹಣ ಬೇಕು, ನಿಜ. ಆದರೆ ತೆರಿಗೆ ಏರಿಸುವ ಮೊದಲು ಜಾಹೀರಾತು, ಸಮಾರಂಭ, ಹೊಸ ಕಾರುಗಳ ಖರ್ಚು ಇಳಿಯಲಿ. ಕನ್ನಡದಲ್ಲಿ ಹಾಸಿಗೆ, ನಮ್ಮ ಉರ್ದುವಿನಲ್ಲಿ ಚಾದರ. ಇದ್ದಷ್ಟೇ ಕಾಲು ಚಾಚಬೇಕು.