ಒಡ್ಡಿನ ಹುಲ್ಲು ಇನ್ನಾ ಎದ್ದಿಲ್ಲ

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನಲ್ಲಿ, ಕೊಟ್ಟಿದ್ದು ಅಫಜಲಪುರದ ಭೀಮಾ ದಂಡೆಯ ಊರಿಗೆ, ಸಸ್ಯಶಾಸ್ತ್ರ ಪಾಠ ಹೇಳುವುದು ಜೇವರ್ಗಿಯಲ್ಲಿ. ಮೂರೂ ಕಡೆ ಮಿರಗದ ಮಳೆ ಹತ್ತಿರ ಬಂತೆಂದರೆ ಮಾತು ಒಂದೇ: “ಹಸಿ ಎಷ್ಟು ಇಳದದ?”

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ರೋಹಿಣಿ ಮಳೆ ಒಂದು ಸಂಜೆ ಜೋರಾಗಿ ಹೊಡೆಯಿತು. ಮೂರನೇ ದಿನ ಅಪ್ಪ ಹೆಸರು ಬಿತ್ತಲು ಕೂರಿಗೆ ತೆಗೆದ. ಅವ್ವ ಹೊಲಕ್ಕೆ ಹೋಗಿ ಬಂದವಳು ಅಂಗಳದಲ್ಲೇ ನಿಂತು, “ಒಡ್ಡಿನ ಮ್ಯಾಲಿನ ಹುಲ್ಲೇ ಇನ್ನಾ ಎದ್ದಿಲ್ಲ. ನೀವ್ಯಾಕ ಅವಸರ ಮಾಡ್ತೀರಿ?” ಅಂದಳು. ಹಳೇ ಬುಡಗಳು ಹಸಿರಾಗಿದ್ದವು, ನಿಜ. ಅವ್ವ ನೋಡುತ್ತಿದ್ದದ್ದು ಬೀಜದಿಂದ ಹುಟ್ಟುವ ದಾರದಂಥ ಹೊಸ ಎಸಳನ್ನು. ಅಪ್ಪ ಕೇಳಲಿಲ್ಲ. ಹೆಸರು ನಾಲ್ಕೈದು ದಿನಕ್ಕೆ ಎದ್ದು ಎಲೆ ಬಿಚ್ಚಿತು. ಆಮೇಲೆ ಇಪ್ಪತ್ತು ದಿನ ಮೋಡ ಬಂತು, ಗಾಳಿ ಬಂತು, ಹನಿ ಬರಲಿಲ್ಲ. ಸಾಲು ಸಾಲಾಗಿ ಸುಟ್ಟು ಹೋದ ಸಸಿಗಳನ್ನು ನೋಡುತ್ತ ಅಪ್ಪ ಒಡ್ಡಿನ ಮೇಲೆ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಲ್ಲಿನ ಸಸಿ ಎದ್ದದ್ದು ಆರಿದ್ರಾ ಮಳೆ ಹಿಡಿದ ಮೇಲೆ. ಅದರಲ್ಲಿ ಒಂದೂ ಸಾಯಲಿಲ್ಲವೇನೋ ಅನ್ನುವಷ್ಟು ದಟ್ಟವಾಗಿ ಎದ್ದಿತು.

ಬೀಜಕ್ಕೆ ನೀರು, ಬಿಸುಪು, ಗಾಳಿ ಬೇಕೆಂದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ನಮ್ಮ ಎರೆ ಭೂಮಿಯಲ್ಲಿ ಆ ಸಾಲು ಸಾಲದು. ಜಿನುಗು ಜೇಡಿಯ ಈ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಕಣಗಳು ನೀರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆಂದರೆ, ಕಾದ ಎರೆಯ ಮೇಲೆ ಬಿದ್ದ ಸಣ್ಣ ಮಳೆಯನ್ನು ಮಣ್ಣೇ ಕುಡಿದು ಬಿಡುತ್ತದೆ, ಬೀಜದ ಪಾಲಿಗೆ ಏನೂ ಉಳಿಯುವುದಿಲ್ಲ. ಅದೇ ಮಳೆ ಮೊರಂ ಮರಡಿಯ ಮೇಲೆ ಬಿದ್ದರೆ ಹಸಿರು ಮೂಡುತ್ತದೆ, ಯಾಕೆಂದರೆ ಆ ಗರಸು ನೆಲ ನೀರನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಇನ್ನು ಎರೆಯಲ್ಲಿ ಮಳೆ ಮಿತಿಮೀರಿ ನೀರು ನಿಂತರೆ ಮಣ್ಣಿನೊಳಗೆ ಗಾಳಿ ಇಲ್ಲದೆ ತೊಗರಿ ಬೀಜ ಕೊಳೆಯುತ್ತದೆ. ಸಣ್ಣ ಮಳೆಗೂ ಸಾವು, ದೊಡ್ಡ ಮಳೆಗೂ ಸಾವು; ನಡುವೆ ನಾಲ್ಕಾರು ದಿನದ ಹದ.

ಬೀಜ ನೀರು ಹೀರಿ ಉಬ್ಬಿದ ಮಾತ್ರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಬೇರಿನ ಮೊನೆ ಹೊರಗೆ ಬರುವವರೆಗೆ ಅದು ಮತ್ತೆ ಒಣಗಿ, ಮುಂದಿನ ಮಳೆಗೆ ಕಾಯಬಲ್ಲದು. ಮೊನೆ ಹೊರಬಿತ್ತೋ, ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಅಪ್ಪ ಕೂರಿಗೆಯಲ್ಲಿ ಬಿತ್ತಿದ ಹೆಸರು ಮೂರು ಬೆರಳು ಆಳದಲ್ಲಿದ್ದು ಒಂದೇ ಮಳೆಯ ಹಸಿಗೆ ಮೊನೆ ಹಾಕಿತ್ತು. ಹುಲ್ಲಿನ ಬೀಜ ನೆಲದ ಮೈಮೇಲೇ ಇರುವಂಥದ್ದು. ಅಲ್ಲಿ ಒಂದು ದಿನದ ಬಿಸಿಲು ಸಾಕು, ಎಲ್ಲ ಆರಿಹೋಗುತ್ತದೆ. ಸಾಲಾಗಿ ಕೆಲವು ದಿನ ಮೋಡ ಮುಚ್ಚಿ ಹಸಿ ನಿಂತರೆ ಮಾತ್ರ ಅದು ಮೇಲೇಳುತ್ತದೆ. ಅವ್ವ ಹುಲ್ಲಿನಲ್ಲಿ ಓದುತ್ತಿದ್ದದ್ದು ಇದನ್ನೇ.

ಆ ಒಡ್ಡಿನ ಹುಲ್ಲುಗಳಲ್ಲಿ ಒಂದನ್ನು ಕುರಿಗಾರರೆಲ್ಲ ಬೈಯುತ್ತಾರೆ. ಅದರ ಬೀಜದ ಚೂಪು ತುಪ್ಪಟ ಹೊಕ್ಕು ಕುರಿಯ ಚರ್ಮಕ್ಕೆ ಇಳಿಯುತ್ತದೆ. ಸೊಲ್ಲಾಪುರದ ಕಡೆಯವರು ಕುಸಳಿ ಅನ್ನುತ್ತಾರೆ. ವಿಜ್ಞಾನದ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಬೀಜಕ್ಕೊಂದು ಉದ್ದನೆ ಕಪ್ಪು ಬಾಲವಿದೆ. ಒಣಗಿದರೆ ಹುರಿಗೊಳ್ಳುತ್ತದೆ, ಹಸಿಯಾದರೆ ಹುರಿ ಬಿಚ್ಚಿಕೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲ ಬಿಸಿಲಿಗೆ ಸುತ್ತಿ, ಬೈರಿಗೆಯಂತೆ ತಿರುಗುತ್ತ ಬೀಜವನ್ನು ನೆಲದ ಬಿರುಕಿಗೆ ಇಳಿಸುತ್ತದೆ. ಅಂಗೈ ಮೇಲೆ ಒಂದನ್ನಿಟ್ಟು ಹನಿ ನೀರು ಬಿಟ್ಟರೆ ಅದು ಹೊರಳಾಡುವುದನ್ನು ನೋಡಲು ನನ್ನ ಹುಡುಗಿಯರು ಬೆಂಚು ಬಿಟ್ಟು ಓಡಿ ಬರುತ್ತಾರೆ.

ಈ ಬೀಜವನ್ನು ಡಿಸೆಂಬರಿನಲ್ಲಿ ಕಿತ್ತು ಆಗಲೇ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುವುದು ಅಪರೂಪ. ಅದೇ ಬೀಜವನ್ನು ಡಬ್ಬಿಗೆ ಹಾಕಿ, ಪತ್ರಾಸಿನ ಸೂರಿನಡಿ ಬೇಸಿಗೆ ಕಳೆಸಿ ಜೂನಿನಲ್ಲಿ ಕಟ್ಟಿದರೆ ಬಟ್ಟೆ ತುಂಬ ಮೊಳಕೆ. ಒಣ ಕಾವಿನಲ್ಲಿ ತಿಂಗಳುಗಟ್ಟಲೆ ಮಲಗಿದ ಮೇಲೆಯೇ ಅದಕ್ಕೆ ಎಚ್ಚರವಾಗುವ ಶಕ್ತಿ ಬರುವುದು. ಕಾರಣ ನಮ್ಮ ಹವಾಮಾನದಲ್ಲೇ ಇದೆ. ನವೆಂಬರಿನಲ್ಲಿ ಎಲ್ಲೋ ಸಮುದ್ರದ ಚಂಡಮಾರುತಕ್ಕೆ ಇಲ್ಲೊಂದು ಮಳೆ ಬೀಳುವುದುಂಟು. ಅದನ್ನು ನಂಬಿ ಎದ್ದ ಹುಲ್ಲಿನ ಸಸಿ ಮುಂದಿನ ಆರು ತಿಂಗಳ ಒಣಗಾಳಿಯನ್ನು ದಾಟುವುದಿಲ್ಲ. ನಂಬಿದವು ಸತ್ತವು, ನಂಬದವುಗಳ ವಂಶ ಉಳಿಯಿತು. ಇದೇ ಹುಲ್ಲು ಅಮೆರಿಕದ ಅರಿಜೋನಾದ ಮರುಭೂಮಿ ಹುಲ್ಲುಗಾವಲಿನಲ್ಲೂ, ಆಸ್ಟ್ರೇಲಿಯಾದಲ್ಲೂ ಬೆಳೆಯುತ್ತದೆ. ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ ಹುಲ್ಲು ಸುಟ್ಟ ಹೊಗೆ ಕೂಡ ಇದನ್ನು ಎಬ್ಬಿಸುವುದು ಕಂಡಿದೆ.

ಮಳೆಯನ್ನು ಅಳೆದು ನೋಡಿಯೇ ಏಳುವ ಬೀಜಗಳೂ ಇವೆ. 1940ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಮಣ್ಣನ್ನು ಬೀಜ ಸಮೇತ ತಂದು ನೀರು ಕೊಟ್ಟು ನೋಡಿದ. ಮೇಲಿನಿಂದ ಮಳೆಯಂತೆ ಸುರಿಸಿದಾಗ ಎದ್ದ ಬೀಜಗಳು, ಅಡಿಯಿಂದ ಹಸಿ ಏರಿಸಿದಾಗ ಏಳಲಿಲ್ಲ. ಮೊಳಕೆ ತಡೆಯುವ ಉಪ್ಪು, ರಸಾಯನಗಳು ತೊಳೆದು ಹೋಗುವಷ್ಟು ನೀರು ಮೇಲಿನಿಂದಲೇ ಇಳಿಯಬೇಕು. ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರ್ ಮಳೆ ಆದರೆ ಸರಿ, ಇಲ್ಲವಾದರೆ ಇಲ್ಲ. ಮಳೆ ಅಳೆಯುವ ಮಾಪಕ ಬೀಜದ ಸಿಪ್ಪೆಯಲ್ಲೇ ಇತ್ತು.

ನಮ್ಮ ಬಿತ್ತನೆ ಬೀಜಗಳಿಗೆ ಮಳೆಯ ಮೇಲಿನ ಈ ಅನುಮಾನ ಉಳಿದಿಲ್ಲ. ಸಾವಿರಾರು ವರ್ಷ ಮನುಷ್ಯರು ಬಿತ್ತಿದ ಕೂಡಲೇ ಏಳುವ ಕಾಳನ್ನೇ ಮುಂದಿನ ವರ್ಷಕ್ಕೆ ಉಳಿಸಿಕೊಂಡು ಬಂದರು. ಹಾಗಾಗಿ ಆಗಸ್ಟಿನ ಜಡಿಮಳೆಗೆ ಹೆಸರು ಕಾಯಿಯಲ್ಲೇ ಮೊಳಕೆ ಒಡೆಯುತ್ತದೆ. ಕೊಯ್ಲಿನ ಹೊತ್ತಿಗೆ ಮಳೆಯಾದರೆ ಜೋಳ ತೆನೆಯಲ್ಲೇ ಹಸಿರಾಗುತ್ತದೆ. ಬೀಜ ಕಳೆದುಕೊಂಡ ತಾಳ್ಮೆಯನ್ನು ಒಕ್ಕಲಿಗ ತನ್ನ ತಲೆಯಲ್ಲಿ ಇಟ್ಟುಕೊಳ್ಳಬೇಕಾಯಿತು. ಮಿರಗ, ಆರಿದ್ರಾ, ಉತ್ತರಿ, ಹಸ್ತ ಎಂಬ ಮಳೆ ನಕ್ಷತ್ರಗಳ ಲೆಕ್ಕ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುವುದು. ಗುದ್ದಲಿಯಿಂದ ಕೆದಕಿ ಮೇಲಿನ ಹಸಿಗೆ ಕೆಳಗಿನ ಹಸಿ ಕೂಡಿತೋ ಇಲ್ಲವೋ ನೋಡುವುದು. ಹಿಂಗಾರಿ ಜೋಳವಂತೂ ಈ ಲೆಕ್ಕದ ಮೇಲೇ ನಿಂತಿದೆ. ಸೆಪ್ಟೆಂಬರಿನವರೆಗೆ ಎರೆ ಕುಡಿದಿಟ್ಟ ನೀರಿನಲ್ಲೇ ಅದು ತೆನೆಗಟ್ಟಬೇಕು.

ನನಗೆ ಸಂಕಟವಾಗುವುದು ಊರ ದನಕರು ಮೇಯುವ ಗಾಯರಾಣಗಳನ್ನು ನೋಡಿದಾಗ. ಕುಸಳಿಯ ಬೀಜಕ್ಕೆ ಒಂದು ಬೇಸಿಗೆಯ ತಾಳ್ಮೆ ಇದೆ, ಬಹಳ ವರ್ಷಗಳದ್ದಲ್ಲ. ಮಣ್ಣಿನಲ್ಲಿ ಅದು ವರ್ಷ, ಎರಡು ವರ್ಷದಾಚೆ ಉಳಿಯುವುದು ಕಡಿಮೆ. ಹೂ ಬಿಡುವ ಮೊದಲೇ ಮೂರ್ನಾಲ್ಕು ವರ್ಷ ಮೇಯಿಸಿದರೆ, ಅಥವಾ ನೇಗಿಲು ಹೊಡೆದರೆ, ಅದರ ಗಂಟು ಮುಗಿಯಿತು. ಬಳ್ಳಾರಿ ಜಾಲಿಯ ಕಲ್ಲಿನಂಥ ಬೀಜ ಹಾಗಲ್ಲ, ವರ್ಷಗಟ್ಟಲೆ ಕೂತಿರುತ್ತದೆ. ಆಡು ಕಾಯಿ ತಿಂದು ಹಿಕ್ಕೆಯಲ್ಲಿ ಹಾಕಿದರೆ ಗೊಬ್ಬರ ಸಮೇತ ಹೊಸ ಜಾಗ ಸೇರುತ್ತದೆ. ನಾನು ಹುಡುಗಿಯಾಗಿದ್ದಾಗ ಸೊಂಟದೆತ್ತರ ಹುಲ್ಲಿದ್ದ ನಮ್ಮೂರ ಗಾಯರಾಣದಲ್ಲಿ ಈಗ ಜಾಲಿ ಪೊದೆ ಬಿಟ್ಟರೆ ಬರೀ ನೆಲ. ಹುಲ್ಲು ಊರಲ್ಲಿ ಉಳಿದಿರುವುದು ಹೊಲದ ಒಡ್ಡುಗಳ ಮೇಲೆ ಮಾತ್ರ, ಅದೂ ಟ್ರ್ಯಾಕ್ಟರ್ ತಾಗದ ಕಡೆ.

ಅವ್ವನಿಗೆ ಈಗ ಹೊಲದ ತನಕ ನಡೆಯಲು ಆಗುವುದಿಲ್ಲ. ಮೊದಲ ಮಳೆ ಬಿದ್ದ ರಾತ್ರಿ ತಮ್ಮನಿಗೆ ಫೋನು ಹಚ್ಚಲು ಹೇಳಿ ನನ್ನ ಹತ್ತಿರ ಮಾತಾಡುತ್ತಾಳೆ. ನಮ್ಮ ಅತ್ತೆಮನೆಯ ಹೊಲದಲ್ಲಿ ಹಸಿ ಎಷ್ಟು ಬೆರಳು ಇಳಿಯಿತು ಎಂದು ಕೇಳಿ, ಮರುದಿನ ತಮ್ಮನನ್ನು ಒಡ್ಡಿಗೆ ಕಳಿಸುತ್ತಾಳೆ, ಹುಲ್ಲು ಎದ್ದದೇನು ನೋಡಿಕೊಂಡು ಬಾ ಎಂದು.