ವಾಸಾ ಯುದ್ಧನೌಕೆ: ಮುಳುಗಡೆ ಮತ್ತು ಮೇಲೆತ್ತಿದ ಕಾರ್ಯ

ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಅವರ ಆಜ್ಞೆಯ ಮೇರೆಗೆ ನಿರ್ಮಿಸಲಾದ, 64 ಫಿರಂಗಿಗಳನ್ನುಳ್ಳ ‘ವಾಸಾ’ ಯುದ್ಧನೌಕೆಯು 1628ರ ಆಗಸ್ಟ್ 10ರಂದು ತನ್ನ ಪ್ರಥಮ ಯಾನದಲ್ಲಿಯೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. ಸುಮಾರು 30 ಮಂದಿ ಜಲಸಮಾಧಿಯಾದರು.

ನೌಕೆಯ ಮೇಲ್ಭಾಗವು ಅತಿಯಾಗಿ ಭಾರವಾಗಿತ್ತು. ಯಾನಕ್ಕೆ ಮುನ್ನ 30 ಮಂದಿಯನ್ನು ಅದರ ಮೇಲೆ ಪಕ್ಕದಿಂದ ಪಕ್ಕಕ್ಕೆ ಓಡಿಸಿ ಪರೀಕ್ಷಿಸಿದಾಗ, ಮೂರನೆಯ ಓಟಕ್ಕೇ ನೌಕೆಯು ಅಪಾಯಕರವಾಗಿ ಓಲಾಡಿದ್ದರಿಂದ ಪರೀಕ್ಷೆಯನ್ನು ನಿಲ್ಲಿಸಲಾಯಿತು. ಯಾನವನ್ನು ಮಾತ್ರ ನಿಲ್ಲಿಸಲಿಲ್ಲ. ತರುವಾಯ ನಡೆದ ವಿಚಾರಣೆಯಲ್ಲಿ ಯಾರನ್ನೂ ತಪ್ಪಿತಸ್ಥರೆಂದು ಘೋಷಿಸಲಿಲ್ಲ. ನೌಕೆಯ ಅಳತೆಗಳಿಗೆ ಸ್ವತಃ ದೊರೆಯ ಅನುಮೋದನೆ ಇದ್ದುದನ್ನು ಇಲ್ಲಿ ಗಮನಿಸಬಹುದು.

1660ರ ದಶಕದಲ್ಲಿ ಬಹುಪಾಲು ಫಿರಂಗಿಗಳನ್ನು ಹೊರತೆಗೆಯಲಾಯಿತು. 1956ರಲ್ಲಿ ಆಂದರ್ಸ್ ಫ್ರಾನ್ಜೆನ್ ಅವರು ಸುಮಾರು 32 ಮೀಟರ್ ಆಳದಲ್ಲಿ ನೌಕೆಯನ್ನು ಪತ್ತೆ ಮಾಡಿದರು. ಮುಳುಗುಗಾರರು ಅದರ ಅಡಿಯಲ್ಲಿ ಆರು ಸುರಂಗಗಳನ್ನು ಕೊರೆದು ಉಕ್ಕಿನ ಹಗ್ಗಗಳನ್ನು ಹಾಯಿಸಿದರು. 1961ರ ಏಪ್ರಿಲ್ 24ರಂದು ನೌಕೆಯು ನೀರಿನಿಂದ ಮೇಲೆ ಬಂದಿತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪಿನಂಶ ಕಡಿಮೆ. ಮರ ಕೊರೆಯುವ ಹುಳು ಅಲ್ಲಿ ಬದುಕದ ಕಾರಣ ಮರವು ಉಳಿದಿತ್ತು. ಅದು ಒಣಗಿ ಬಿರಿಯದಂತೆ 17 ವರ್ಷಗಳ ಕಾಲ ಪಾಲಿಎಥಿಲೀನ್ ಗ್ಲೈಕಾಲ್ ಸಿಂಪಡಿಸಲಾಯಿತು. 1990ರಿಂದ ನೌಕೆಯನ್ನು ಸ್ಟಾಕ್‌ಹೋಮ್‌ನ ವಾಸಾ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇರಿಸಲಾಗಿದೆ.