ಮೀನಿನ ಬುಟ್ಟಿಯಲ್ಲಿ ಅರ್ಥಶಾಸ್ತ್ರದ ಪಾಠ

ಅರ್ಥಶಾಸ್ತ್ರವೆಂದರೆ ಕಾಲೇಜಿನ ಪಾಠ, ನಮಗೇಕೆ ಎಂದು ಹಲವರು ಭಾವಿಸುತ್ತಾರೆ. ಆದರೆ ಜೂನ್ ತಿಂಗಳಲ್ಲಿ ಮೀನು ಮಾರುಕಟ್ಟೆಗೆ ಹೋಗಿ ಬಂದ ಪ್ರತಿಯೊಬ್ಬ ಗೃಹಿಣಿಗೂ ಅದರ ಮೂಲತತ್ವಗಳು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ತಿಳಿದುಕೊಳ್ಳೋಣ.

1. ಬೇಡಿಕೆ ಮತ್ತು ಪೂರೈಕೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗ ನಾಡದೋಣಿಯ ಮೀನು, ಹೊರಗಿನಿಂದ ಐಸ್‌ನಲ್ಲಿ ಬರುವ ಮೀನು ಮಾತ್ರ. ತಿನ್ನುವವರು ಅಷ್ಟೇ ಮಂದಿ, ಮೀನು ಕಡಿಮೆ. ಆದ್ದರಿಂದ ಬೆಲೆ ಏರುತ್ತದೆ. ನಿಷೇಧ ಮುಗಿದು ಬಂದರಿನಲ್ಲಿ ಬಂಗುಡೆ ರಾಶಿ ಬಿದ್ದಾಗ ಅದೇ ಬೆಲೆ ಇಳಿಯುತ್ತದೆ. ಬುಟ್ಟಿ ಹೊತ್ತು ಮನೆಗೆ ಬರುವ ಅಕ್ಕನೊಡನೆ ಚೌಕಾಸಿ ಮಾಡುವಾಗ, ಆಕೆಯೂ ಏಲಂನಲ್ಲಿ ಹೆಚ್ಚು ಕೊಟ್ಟೇ ತಂದಿದ್ದಾಳೆ ಎಂಬುದನ್ನು ನಾವು ಮರೆಯಬಾರದು.

2. ಬದಲಿ ವಸ್ತು: ಅಂಜಲ್ ದುಬಾರಿಯಾದರೆ ನಾವು ಒಣಮೀನು, ಮೊಟ್ಟೆಗೆ ತಿರುಗುತ್ತೇವೆ. ಆದರೆ ಔಷಧಿಗೆ ಬದಲಿ ಸುಲಭವಾಗಿ ಸಿಗದು. ಅದರ ಬೆಲೆ ಏರಿದರೆ ಬಡವರಿಗೇ ಹೆಚ್ಚು ಪೆಟ್ಟು.

3. ಅವಕಾಶ ವೆಚ್ಚ: ಒಂದನ್ನು ಆರಿಸಿದಾಗ ಬಿಟ್ಟುಕೊಟ್ಟದ್ದೇ ಅದರ ನಿಜವಾದ ಬೆಲೆ. ಬೋಟು ನಿಂತಾಗ ಕೆಲಸವಿಲ್ಲದವನು 10,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಐದರಂತೆ ಸಾಲ ಪಡೆದರೆ ವರ್ಷದ ಬಡ್ಡಿಯೇ 6,000. ಅಸಲು ಹಾಗೆಯೇ ಇರುತ್ತದೆ. ವರ್ಷಕ್ಕೆ ಶೇ. 12ರ ಬಡ್ಡಿಯಾದರೆ 1,200 ಮಾತ್ರ. ನಡುವಿನ 4,800 ರೂಪಾಯಿ ಮಕ್ಕಳ ಪುಸ್ತಕ, ಸಮವಸ್ತ್ರಕ್ಕೆ ಆಗಬಹುದಾಗಿದ್ದ ಹಣ.

4. ಎಲ್ಲರ ಸೊತ್ತು: ಕಡಲು ಯಾರೊಬ್ಬರದೂ ಅಲ್ಲ. ಮರಿಮೀನು ಬಾಚಿದವನ ಲಾಭ ಅವನೊಬ್ಬನಿಗೆ, ನಷ್ಟ ಎಲ್ಲರಿಗೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್‌ಗೆ ಕುಸಿದಿತ್ತು. ಕಡಲಿನ ಹವಾಮಾನದ ಏರುಪೇರಿನ ಜೊತೆಗೆ ಅತಿಯಾದ ಮೀನುಗಾರಿಕೆಯನ್ನೂ ವಿಜ್ಞಾನಿಗಳು ಕಾರಣವಾಗಿ ಹೇಳಿದ್ದಾರೆ. ಇಂತಹ ಸೊತ್ತನ್ನು ಬಳಸುವವರೇ ಸೇರಿ ನಿಯಮ ಮಾಡಿಕೊಂಡು ಉಳಿಸಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಮಳೆಗಾಲದ ನಿಷೇಧವೂ ಇಂತಹ ಒಂದು ನಿಯಮ. ಇದರ ಫಲ ಎಲ್ಲರಿಗೂ ಸಿಗುತ್ತದೆ, ಆದರೆ ಭಾರ ಬೀಳುವುದು ಹೆಚ್ಚಾಗಿ ಬೋಟಿನಲ್ಲಿ ದುಡಿಯುವವರ ಮನೆಗಳ ಮೇಲೆ. ಸೆಪ್ಟೆಂಬರ್‌ನಿಂದ ಮೇ ಕೊನೆಯವರೆಗೆ ಸುಮಾರು 39 ವಾರಗಳಿವೆ. ವಾರಕ್ಕೆ 100 ರೂಪಾಯಿಯಂತೆ ಸ್ವಸಹಾಯ ಗುಂಪಿನಲ್ಲಿ ಉಳಿಸಿದರೆ 3,900 ಆಗುತ್ತದೆ. ಅಷ್ಟರಮಟ್ಟಿಗೆ ಬಡ್ಡಿ ಸಾಲ ತಪ್ಪುತ್ತದೆ. ಈ ಲೆಕ್ಕವನ್ನು ವಾಳೆಯ ಮುಂದಿನ ಸಭೆಯಲ್ಲಿ ಗುರಿಕಾರರು ಒಮ್ಮೆ ಬಿಡಿಸಿ ಹೇಳಿದರೆ, ಒಂದೆರಡು ಮನೆಗಳಿಗಾದರೂ ಬರುವ ಜೂನ್ ಹಗುರವಾದೀತು.